ಹಾಡುಗೂಟಗಳ ಬಯಲು

ಬೆಟ್ಟ ಹತ್ತುವುದು ಮೇಕೆಯ ಕೆಲಸ, ಮಂಗನ ಕೆಲಸ, ಹರಕೆ ಹೊತ್ತವರ ಕೆಲಸ. ಮರಗಳೂ ಹತ್ತುತ್ತವೆ ಎಂದು ಇಂದುಮತಿ ಸಾಲಿಮಠ ಹೇಳಿದಾಗ ಕೊಪ್ಪಳದಲ್ಲಿದ್ದ ಅವಳ ಅಕ್ಕ ಶಿವಲೀಲಾ, ಹಿಮಾಲಯದ ಗಾಳಿ ತಂಗಿಯ ತಲೆಗೆ ಹೊಡೆದಿದೆ ಎಂದೇ ತಿಳಿದಳು. ಆದರೆ ಮರಗಳು ನಿಜವಾಗಿಯೂ ಹತ್ತುತ್ತಿದ್ದವು. ಎತ್ತರದ ಬೆಟ್ಟಗಳಲ್ಲಿ ಒಂದು ಗೆರೆ ಇರುತ್ತದೆ. ಅದರ ಕೆಳಗೆ ಕಾಡು, ಮೇಲೆ ಬರೀ ಹುಲ್ಲು, ಅದರಾಚೆ ಬಂಡೆ ಮತ್ತು ಹಿಮ. ಚಳಿಯೇ ಎಳೆದ ಗೆರೆ ಅದು. ಭೂಮಿಯ ಕಾವು ಏರಿದಂತೆ ಚಳಿ ಹಿಂದೆ ಸರಿಯಿತು, ಭೂರ್ಜದ ಸಸಿಗಳು ಗೆರೆ ದಾಟಿದವು. ಒಂದು ವರ್ಷ ನಾಲ್ಕು ಮಾರು, ಇನ್ನೊಂದು ವರ್ಷ ಆರು ಮಾರು. ಮರ ಬೆಳೆಯುವುದನ್ನು ತಡೆಯಬೇಕು ಎಂದು ಯಾರಿಗೆ ತಾನೆ ಅನ್ನಿಸುತ್ತದೆ?

ಅನ್ನಿಸಿದ್ದು ಇಂದುಮತಿಗೆ. ಏಕೆಂದರೆ ಕೊನೆಯ ಮರಕ್ಕೂ ಮೊದಲ ಬಂಡೆಗೂ ನಡುವಿನ ಆ ಕಿರಿದಾದ ಪಟ್ಟಿಯಲ್ಲಿ ಒಂದು ಮಿಡತೆ ಇತ್ತು. ಕಂದು ಬಣ್ಣ, ಹುಣಸೆಬೀಜಕ್ಕಿಂತ ತುಸು ಉದ್ದ. ರೆಕ್ಕೆ ಎಂದು ಕರೆಯಲು ನಾಚಿಕೆಯಾಗುವಷ್ಟು ಮೋಟು ರೆಕ್ಕೆ. ಹಾರಲು ಬಾರದು, ಹಿಂಗಾಲು ತಿಕ್ಕಿ ಹಾಡಲಿಕ್ಕೆ ಮಾತ್ರ ಉಪಯೋಗ. ಮರದ ನೆರಳಿನಲ್ಲಿ ಬದುಕದು, ಬಂಡೆಯ ಮೇಲೆ ತಿನ್ನಲು ಏನೂ ಇಲ್ಲ. ಪಟ್ಟಿ ಮೇಲೇರಿದರೆ ಇದೂ ಏರಬೇಕು. ಆದರೆ ಮರ ಏರುವಷ್ಟು ಬೇಗ ಏರಲು ಈ ಮಿಡತೆಗೆ ಬರುತ್ತಿರಲಿಲ್ಲ. ಹುಟ್ಟಿದ ಕಲ್ಲಿನ ಸುತ್ತಲೇ ಹಾಡಿಕೊಂಡು ಸಾಯುವ ಜೀವ.

ಹಾಗಾದರೆ ಹಾಡಿನಿಂದಲೇ ಅದನ್ನು ಮೇಲಕ್ಕೆ ಕರೆದುಕೊಂಡು ಹೋದರೆ? ಇಂದುಮತಿಯ ಜೀವನದ ಒಂದೇ ಒಂದು ಒಳ್ಳೆಯ ಯೋಚನೆ ಇದು ಎಂದು ಮೈಸೂರಿನ ಅವಳ ಸಂಸ್ಥೆಯ ನಿರ್ದೇಶಕರು ಹೊಗಳಿದ್ದರು. ಹೊಗಳಿಕೆಯಲ್ಲಿ ಬೈಗುಳವೂ ಇತ್ತೆಂದು ಅವಳಿಗೆ ಆಮೇಲೆ ಹೊಳೆಯಿತು. ಗಂಡು ಮಿಡತೆ ಬಿಸಿಲಿನಲ್ಲಿ ಹಾಡಿ ಸ್ವಲ್ಪ ಕಾಯುತ್ತದೆ. ಹೆಣ್ಣು ಚಿಕ್ಕದಾಗಿ ಮರುದನಿ ಕೊಟ್ಟರೆ ಅತ್ತ ನಡೆಯುತ್ತದೆ. ಗೇಣುದ್ದದ ಒಂದು ಉಕ್ಕಿನ ಗೂಟ, ತಲೆಯಲ್ಲೊಂದು ಕಿವಿ, ಹೊಟ್ಟೆಯಲ್ಲಿ ದನಿ ಮಾಡುವ ತೆಳು ತಗಡು, ಬಿಸಿಲಿಗೆ ತುಂಬಿಕೊಳ್ಳುವ ಬ್ಯಾಟರಿ, ಕಾವಿಗೆ ತಕ್ಕಂತೆ ಹಾಡಿನ ವೇಗ ಬದಲಿಸಲು ಪುಟ್ಟ ಉಷ್ಣಮಾಪಕ. ಗಂಡಿನ ಹಾಡು, ಹೆಣ್ಣಿನ ಮರುದನಿ ಎರಡನ್ನೂ ಕಲಿತ ಈ ಹಾಡುಗೂಟಗಳನ್ನು ಪ್ರತಿ ಬೇಸಗೆ ಮರಗಳಿಗಿಂತ ಒಂದು ಹೆಜ್ಜೆ ಮುಂದೆ ನೆಟ್ಟರೆ ಮಿಡತೆಗಳು ದನಿಯ ಹಿಂದೆ ಮೇಲೇರುತ್ತವೆ. ಮೊದಲ ಎರಡು ವರ್ಷ ಏರಿದವು ಕೂಡ. ಅವಳು ಮೊಣಕಾಲೂರಿ ಎಣಿಸಿದ್ದಳು.

ಮೂರನೆಯ ವರ್ಷ ಜೋಪಾನ ಶುರುವಾಯಿತು. ಬಯಲಿಗೆ ಬೇಲಿ ಬಂತು. ಕುರಿಯ ಗೊರಸಿಗೆ ಗೂಟಗಳು ಮುರಿಯುತ್ತವೆಂದು, ತಲೆತಲಾಂತರದಿಂದ ಅಲ್ಲಿ ಮಂದೆ ಮೇಯಿಸುತ್ತಿದ್ದ ಗದ್ದಿ ಕುರುಬರನ್ನು ಹೊರಗಿಟ್ಟರು. ಕೊನೆಗೆ ಸಂಶೋಧಕರೂ ಬೇಸಗೆಯಲ್ಲಿ ಒಳಗೆ ಕಾಲಿಡಬಾರದು, ತುಳಿತಕ್ಕೆ ಒಂದು ಮಿಡತೆಯೂ ಸಾಯಬಾರದು ಎಂಬ ನಿಯಮ ಬಂತು. ಎಣಿಕೆಯನ್ನು ಗೂಟಗಳೇ ಕಿವಿಯಿಂದ ಮಾಡಿ ಮೈಸೂರಿಗೆ ಕಳಿಸುತ್ತಿದ್ದವು. ನೋಡಲಿಕ್ಕೂ ಹೋಗಬಾರದಷ್ಟು ಪ್ರೀತಿ. ಹಿಮ ಇಳಿಯುವ ಮುನ್ನ ಗೂಟ ಸರಿಸಲು ಒಳಹೋಗಬಹುದಿತ್ತು, ಆದರೆ ಅಷ್ಟು ಹೊತ್ತಿಗೆ ಮಿಡತೆಗಳು ಮಣ್ಣಿನಲ್ಲಿ ಮೊಟ್ಟೆಯಿಟ್ಟು ಸತ್ತಿರುತ್ತವೆ. ಹಾಗಾಗಿ ಮೂರು ವರ್ಷಗಳಿಂದ ಜೀವಂತ ಮಿಡತೆಯನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಕಾಣಬೇಕೆಂದು ಯಾರಿಗೂ ಹೊಳೆಯಲಿಲ್ಲ ಎನ್ನುವುದೇ ತಮಾಷೆ.

ಬೇಲಿಯಿಂದ ನೂರು ಹೆಜ್ಜೆ ದೂರದಲ್ಲಿ ತಗಡಿನ ಮನೆ. ಆರು ಬೇಸಗೆಗಳಿಂದ ಇಂದುಮತಿಯೊಬ್ಬಳೇ ಅಲ್ಲಿ. ಐವತ್ತೆರಡು ವಯಸ್ಸು, ಮದುವೆಯಾಗಿರಲಿಲ್ಲ. ಅವ್ವ ಸತ್ತ ವರ್ಷವೇ ಈ ಕೆಲಸ ಒಪ್ಪಿಕೊಂಡಿದ್ದಳು. ಒಂಟಿತನ ತನಗೆ ಒಗ್ಗುತ್ತದೆ ಎಂದು ಎಲ್ಲರಿಗೂ ಹೇಳಿಕೊಂಡಿದ್ದಳು, ಒಗ್ಗಿರಲಿಲ್ಲ. ನುಚ್ಚಿನ ಅನ್ನ ಬೇಯುವಾಗ, ಬಟ್ಟೆ ಒಗೆಯುವಾಗ, ಕೈಗೆ ಎಣ್ಣೆ ಹಚ್ಚಿಕೊಳ್ಳುವಾಗ ಬಯಲಿನ ದನಿಯನ್ನು ಮನೆಯೊಳಗಿನ ಸ್ಪೀಕರಿನಲ್ಲಿ ಹಾಕಿಕೊಳ್ಳುತ್ತಿದ್ದಳು. ಮೂರನೆಯ ವರ್ಷದ ಕೊನೆಗೆ ಆ ದನಿ ತೆಳ್ಳಗಾಗಿತ್ತು. ಒಂದು ಹಾಡುತ್ತದೆ, ಕಾಯುತ್ತದೆ, ಯಾವುದೂ ಓಗೊಡುವುದಿಲ್ಲ. ಅದನ್ನು ಕೇಳುತ್ತ ಕೂರುವುದು ಅವಳಿಂದ ಆಗಲಿಲ್ಲ. ಅಲ್ಲಿಯವರೆಗೆ ಗೂಟಗಳು ಗಡಿಯಾರ ನೋಡಿ, ಗೊತ್ತಾದ ಹೊತ್ತಿಗೆ ಹಾಡುತ್ತಿದ್ದವು. ಇನ್ನು ಮೇಲೆ ಹಾಡು ಕೇಳಿದಾಗಲೆಲ್ಲ ಗೂಟಗಳು ಮರುದನಿ ಕೊಡಬೇಕೆಂದು ಅವಳೇ ಹಟ ಹಿಡಿದು ಬದಲಾವಣೆ ಮಾಡಿಸಿದಳು. ಮರುವರ್ಷ ಬಯಲು ತುಂಬಿಹೋಯಿತು. ಅದರ ಮರುವರ್ಷ ಇನ್ನೂ ಹೆಚ್ಚು ಗೂಟ, ಇನ್ನೂ ಹೆಚ್ಚು ಮಿಡತೆ. ಮೈಸೂರಿನಲ್ಲಿ ಸಿಹಿ ಹಂಚಿದರು.

ಭಾನುವಾರದ ಅಕ್ಕನ ಫೋನಿಗೂ ಅವಳು ಹೀಗೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದಳು. ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಫೋನಿನೊಳಗಿನ ಸಹಾಯಕ ನಮ್ಮ ದನಿಯಲ್ಲೇ ಮಾತಾಡಿ, ಹ್ಞೂಂ ಹ್ಞೂಂ ಎಂದು, ಕೊನೆಗೆ ಮುಖ್ಯ ಸಂಗತಿ ನಾಲ್ಕು ಸಾಲಿನಲ್ಲಿ ಬರೆದಿಡುತ್ತಿತ್ತು. ಅಕ್ಕನ ಮೊಣಕಾಲು, ಸೊಸೆಯ ಮೌನ, ಬೋರಿನ ನೀರು. ನಾಲ್ಕು ಸಾಲು ಓದಿ ಇಂದುಮತಿ ಮತ್ತೆ ಸ್ಪೀಕರ್ ಹಾಕಿಕೊಳ್ಳುತ್ತಿದ್ದಳು.

ಆರನೆಯ ವರ್ಷದ ಜುಲೈಯಲ್ಲಿ ದೊಡ್ಡ ವರದಿಗೆ ಸಹಿ ಹಾಕುವುದಿತ್ತು. ಶನಿವಾರದೊಳಗೆ ಅವಳ ಸಹಿ ಬಿದ್ದರೆ ಈ ಬಯಲು ಇನ್ನೂ ಹತ್ತು ವರ್ಷ ಮುಚ್ಚಿರುತ್ತದೆ, ಇದೇ ಗೂಟಗಳು ಬೇರೆ ಹನ್ನೊಂದು ಬೆಟ್ಟಗಳಿಗೆ, ಬೇರೆ ಬೇರೆ ಹುಳುಗಳಿಗೆ ಹೋಗುತ್ತವೆ. ಮಂಗಳವಾರ ಮಧ್ಯಾಹ್ನ ಕಲ್ಲಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಳು. ಮುಂದೆ ಬಯಲು ಚರಚರ ಹಾಡುತ್ತಿತ್ತು. ಬೇಲಿಯಾಚೆ ಕಲ್ಲುಹಾದಿಯಲ್ಲಿ ಬೆಲಿ ರಾಮ್ ತನ್ನ ಮಂದೆ ಹೊಡೆದುಕೊಂಡು ಹೋಗುತ್ತಿದ್ದ. ಅರವತ್ತು ದಾಟಿದ ಗದ್ದಿ. ಬಯಲು ಮುಚ್ಚಿದ ಮೇಲೆ ಸುತ್ತುದಾರಿ ಹಿಡಿದು, ಅದರ ಎರಡನೆಯ ವರ್ಷ ಹಿಮದ ಬಿರುಕಿನಲ್ಲಿ ಎಪ್ಪತ್ತು ಕುರಿ ಕಳೆದುಕೊಂಡವನು. ಆದರೂ ವಾರಕ್ಕೊಮ್ಮೆ ಅವಳ ಬಾಗಿಲಿಗೆ ಮೇಕೆಯ ಹಾಲು ಇಟ್ಟು ಹೋಗುತ್ತಿದ್ದ. ಅವನು ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಒಂದು ಮೋಡ ಬಂದು ಸೂರ್ಯನನ್ನು ಮುಚ್ಚಿತು. ಬಯಲೆಲ್ಲ ನೆರಳು. ಇಂದುಮತಿ ಶಾಲು ಎಳೆದುಕೊಂಡು ಇನ್ನೊಂದು ತುತ್ತು ಮುರಿದಳು. ಆಮೇಲೆ ಅಗಿಯುವುದು ನಿಂತಿತು. ಬಯಲು ಇನ್ನೂ ಹಾಡುತ್ತಿತ್ತು.

ಈ ಮಿಡತೆ ನೆರಳು ಬಿದ್ದರೆ ಹಾಡುವುದಿಲ್ಲ. ಅಷ್ಟು ಸಣ್ಣ ಮೈ ಗಳಿಗೆಯಲ್ಲಿ ತಣ್ಣಗಾಗಿ ಕಾಲು ಆಡುವುದೇ ಇಲ್ಲ. ಇದನ್ನು ಮೊದಲು ಬರೆದವಳು ಅವಳೇ, ತನ್ನ ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ. ಆದರೆ ಗೂಟದ ಉಷ್ಣಮಾಪಕವನ್ನು ಹಿಮ ತಾಗದಂತೆ ಉಕ್ಕಿನ ಹೊಟ್ಟೆಯೊಳಗೆ ಇಟ್ಟಿದ್ದರು. ಉಕ್ಕು ತಣಿಯಲು ಹೊತ್ತು ಬೇಕು. ಬಯಲು ಪೂರಾ ನೆರಳಿನಲ್ಲಿ ನಿಧಾನಕ್ಕೆ ವೇಗ ಇಳಿಸುತ್ತ, ಎಷ್ಟೋ ಹೊತ್ತಿನ ಮೇಲೆ ಒಟ್ಟಿಗೇ ಸುಮ್ಮನಾಯಿತು. ಒಂದೇ ಒಂದು ದನಿಯೂ ಅದಕ್ಕಿಂತ ಮೊದಲು ನಿಂತಿರಲಿಲ್ಲ. ಈ ಹಿಂದೆ ಮೋಡ ಬಂದಾಗಲೆಲ್ಲ ಅವಳು ಒಳಗೆ ಸ್ಪೀಕರಿಗೆ ಕಿವಿಕೊಟ್ಟು ಕೂತಿರುತ್ತಿದ್ದಳು.

ಮೈಸೂರಿನ ನಿಯಂತ್ರಣ ಕೋಣೆಯಲ್ಲಿ ಫಾಲಾಕ್ಷ ಇದ್ದ. ಗೂಟಗಳ ಲೆಕ್ಕವೆಲ್ಲ ಅವನ ಪರದೆಯ ಮೇಲೆ ಬರುತ್ತಿತ್ತು. ಬೆಟ್ಟವನ್ನು ಒಮ್ಮೆಯೂ ನೋಡದೆ ಅದರ ಒಂದೊಂದು ಕಲ್ಲಿನ ಸಂಖ್ಯೆಯನ್ನೂ ಬಲ್ಲವನು. ಅವಳು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಗೂಟ ತಾನು ಕೇಳಿದ ಹಾಡು ಮಿಡತೆಯದೆಂದು ಹೇಗೆ ತಿಳಿಯುತ್ತದೆ? ತನ್ನದಲ್ಲದ ಹಾಡೆಲ್ಲ ಮಿಡತೆಯದೇ ಅಲ್ಲವೇ ಎಂದು ಫಾಲಾಕ್ಷ ಸಲೀಸಾಗಿ ಹೇಳಿದ. ಹೇಳಿ, ತಾನು ಹೇಳಿದ್ದು ತನಗೇ ಕೇಳಿಸಿದಂತೆ ನಿಂತ. ಗಡಿಯಾರದ ಕಾಲದಲ್ಲಿ ಯಾವ ಗೂಟ ಯಾವಾಗ ಹಾಡುತ್ತದೆಂದು ಎಲ್ಲ ಗೂಟಗಳಿಗೂ ಗೊತ್ತಿತ್ತು. ಮರುದನಿಯ ಕಾಲದಲ್ಲಿ ಪ್ರತಿ ಗೂಟಕ್ಕೂ ತನ್ನ ದನಿ ಮಾತ್ರ ಗೊತ್ತು, ಪಕ್ಕದ ಗೂಟದ್ದಲ್ಲ. ಬೆಳಿಗ್ಗೆ ಗಾಳಿಗೆ ಒಂದು ಒಣಹುಲ್ಲು ತಿಕ್ಕಿದರೆ ಸಾಕು, ಒಂದು ಗೂಟ ಓಗೊಡುತ್ತದೆ. ಅದನ್ನು ಮಿಡತೆಯೆಂದು ಎಣಿಸಿ ಇನ್ನೊಂದು. ಅದಕ್ಕೆ ಮತ್ತೊಂದು.

ಅವನು ಮೂರು ಬೇಸಗೆಗಳ ದಾಖಲೆ ತೆಗೆದು ಕೂತ. ಸಂಜೆ ಅವನೇ ಫೋನ್ ಮಾಡಿದ.

"ಮೇಡಂ, ಎಲ್ಲಾ ಹಾಡಿಗೂ ಹಿಂದೆ ಒಂದ್ ಗೂಟ ಇದೆ. ಹೋದ್ ವರ್ಷದ್ದೂ ಅಷ್ಟೇ. ನಾವು ನಮ್ಮನ್ನೇ ಎಣಿಸ್ಕೊಂಡಿದೀವಿ ಅನ್ಸುತ್ತೆ."

ಅವನೇ ಮುಂದುವರಿದು, ವರದಿಗೆ ಸಹಿ ಹಾಕಿಬಿಡಿ, ಚಳಿಗಾಲದಲ್ಲಿ ಸದ್ದಿಲ್ಲದೆ ಸರಿಮಾಡೋಣ ಎಂದ. ಕೆಟ್ಟವನಲ್ಲ. ಮನೆಯಲ್ಲಿ ಎರಡು ಪುಟ್ಟ ಮಕ್ಕಳು, ಈ ಯೋಜನೆ ನಿಂತರೆ ಅವನ ಕೆಲಸವೂ ನಿಲ್ಲುತ್ತದೆ. ಅವಳು ನಾಳೆ ಮಧ್ಯಾಹ್ನ ಹನ್ನೆರಡಕ್ಕೆ, ಒಂದು ಗಂಟೆ ಕಾಲ, ಎಲ್ಲ ಗೂಟಗಳನ್ನೂ ಆರಿಸು ಎಂದಳು. ಮರುದನಿ ಸಿಗದಿದ್ದರೂ ಗಂಡು ನಾಲ್ಕೈದು ದಿನ ಹಾಡುತ್ತಲೇ ಇರುತ್ತದೆ. ಒಂದೇ ಒಂದು ಉಳಿದಿದ್ದರೂ ಕೇಳಿಸಬೇಕು. ಕೂಡುವ ಕಾಲದಲ್ಲಿ ಗೂಟ ಆರಿಸಬಾರದೆಂದು ನಿರ್ದೇಶಕರ ಅಪ್ಪಣೆಯಿದೆ ಎಂದು ಫಾಲಾಕ್ಷ ನೆನಪಿಸಿದ. ನೆನಪಿಸಿ, ಆರಿಸಲು ಒಪ್ಪಿದ.

ಆ ಸಂಜೆ ಅವಳಿಗೆ ಒಲೆ ಹಚ್ಚಲು ಮನಸ್ಸಾಗಲಿಲ್ಲ. ಮೂರು ವರ್ಷ ತನಗೆ ಜೊತೆಯಾಗಿದ್ದದ್ದು ತಾನೇ ನೆಟ್ಟ ಕಬ್ಬಿಣ. ನಾಚಿಕೆ, ಸಿಟ್ಟು, ಅಳು ಯಾವುದು ಮೊದಲು ಎಂದು ತಿಳಿಯದೆ ತಲೆಯ ಮೇಲೆ ಕೈ ಹೊತ್ತು ಕೂತಳು. ಆಮೇಲೆ ಸಹಾಯಕನನ್ನು ಬಿಟ್ಟು, ತಾನೇ ಅಕ್ಕನ ನಂಬರ್ ಒತ್ತಿದಳು.

"ಯಾರು ಮಾತಾಡೋದು? ಅದಾ, ನೀನಾ?" ಎಂದಳು ಶಿವಲೀಲಾ.

"ನಾನ ಅಕ್ಕಾ. ಖರೇನ ನಾನ." ಆಮೇಲೆ, "ನಿನಗ ಗೊತ್ತಿತ್ತಾ?" ಎಂದು ಕೇಳಿದಳು.

"ಗೊತ್ತಾಗದ ಏನು? ಹುಟ್ಟಿದಾಗಿಂದ ನೀ ನನ್ನ ಮಾತು ಮುಗಿಯೂತನಕ ಸುಮ್ಮನ ಕೂತಾಕಿ ಅಲ್ಲ. ಅದು ಕೂಡ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಅದೂ ನಿಂತ ಹೋಗ್ತಿತ್ತಲ್ಲ ಇಂದೂ. ಮನ್ಯಾಗ ನನ್ನ ಮಾತು ಕೇಳೋರ ಯಾರದಾರ?"

ಇಂದುಮತಿ ಅಂದು ಮೊದಲ ಬಾರಿಗೆ ನಡುವೆ ಬಾಯಿ ಹಾಕದೆ ಕೇಳಿದಳು. ಮೊಣಕಾಲು ಯಾವ ಮೆಟ್ಟಿಲಲ್ಲಿ ಹಿಡಿಯುತ್ತದೆ, ಸೊಸೆ ಯಾವ ಮಾತಿಗೆ ಬಾಗಿಲು ಹಾಕಿಕೊಂಡಳು, ಅವ್ವನ ಸೀರೆ ಯಾವ ಪೆಟ್ಟಿಗೆಯಲ್ಲಿ ನುಸಿ ಹಿಡಿಯಿತು. ನಾಲ್ಕು ಸಾಲಿಗೆ ಒಗ್ಗುವಂಥ ಯಾವುದೂ ಅದರಲ್ಲಿ ಇರಲಿಲ್ಲ. ತನ್ನ ಸಂಕಟ ಹೇಳಿಕೊಳ್ಳಬೇಕೆಂದು ಫೋನ್ ಮಾಡಿದ್ದಳು. ಹೇಳಲು ಸರದಿಯೇ ಬರಲಿಲ್ಲ.

ಬುಧವಾರ ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಹನ್ನೆರಡಕ್ಕೆ ಫಾಲಾಕ್ಷ ಗೂಟಗಳನ್ನು ಆರಿಸಿದ. ಹಾಡು ನಿಧಾನಕ್ಕೆ ಇಳಿಯುತ್ತದೆಂದು ಅವಳು ಅಂದುಕೊಂಡಿದ್ದಳು, ಹಾಗಾಗಲಿಲ್ಲ. ತಟ್ಟನೆ ನಿಂತಿತು. ಬೇಲಿಗೆ ಆತುಕೊಂಡು ನಿಂತ ಅವಳಿಗೆ ಎಲ್ಲೋ ಕೆಳಗೆ ನೀರು ಹರಿಯುವುದು ಕೇಳಿಸಿತು. ಅಲ್ಲೊಂದು ತೊರೆ ಇದೆಯೆಂದು ಮೂರು ವರ್ಷಗಳಿಂದ ಮರೆತೇ ಹೋಗಿತ್ತು. ಹುಲ್ಲಿನ ಮೇಲೆ ಗಾಳಿ, ಯಾವುದೋ ಹಕ್ಕಿ, ಅವಳ ಉಸಿರು. ಮಿಡತೆ ಇಲ್ಲ. ಕಾಲು ಗಂಟೆ, ಅರ್ಧ ಗಂಟೆ. ಪೂರ್ತಿ ಬಿಸಿಲಿತ್ತು, ಹಾಡಲು ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ.

ಅವಳು ಬೇಲಿ ದಾಟಿ ಒಳಗೆ ಹೋದಳು.

ಹುಲ್ಲು ಮೊಣಕಾಲು ಮುಟ್ಟುತ್ತಿತ್ತು. ಕೈಯಿಂದ ಸರಿಸಿದರೆ ಕೆಳಗೆ ಹಳೆಯ ಹುಲ್ಲು ಕೊಳೆತು ಚಾಪೆಯಂತೆ ಹೆಣೆದುಕೊಂಡಿತ್ತು. ಅದರ ಕೆಳಗಿನ ಮಣ್ಣು ನಡುಮಧ್ಯಾಹ್ನದಲ್ಲೂ ತಣ್ಣಗೆ, ಒದ್ದೆ. ಗೂಟಗಳ ನಡುವೆ ಭೂರ್ಜದ ಸಸಿಗಳು ಸೊಂಟದೆತ್ತರ ಎದ್ದಿದ್ದವು, ಮೇಯುವ ಬಾಯಿ ಇಲ್ಲದ ಮೇಲೆ ಅವಕ್ಕೇನು ಹೆದರಿಕೆ. ಗೂಟ ಸರಿಸಲು ಬಂದಾಗಲೆಲ್ಲ ಅವಳು ನೋಡಿದ್ದು ಗೂಟಗಳನ್ನು ಮಾತ್ರ. ಈ ಮಿಡತೆ ಮೊಟ್ಟೆಯಿಡುವುದು ಬಿಸಿಲಿಗೆ ಕಾದ ಬರಿ ಮಣ್ಣಿನಲ್ಲಿ. ಅದನ್ನೂ ಅವಳೇ ಬರೆದಿದ್ದಳು. ಆ ಬರಿ ಮಣ್ಣು ಎಲ್ಲಿಂದ ಬರುತ್ತದೆ ಎಂದು ಮಾತ್ರ ಬರೆದಿರಲಿಲ್ಲ. ಗೊರಸಿನಿಂದ ಬರುತ್ತಿತ್ತು. ಗೂಟಗಳನ್ನು ಉಳಿಸಲು ಹೋಗಿ ಕುರಿಗಳನ್ನು ಓಡಿಸಿದ್ದರು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ಅವಳು ಕತ್ತಲಾಗುವವರೆಗೆ, ಮರುದಿನ ಬೆಳಗಿನಿಂದ ಸಂಜೆಯವರೆಗೆ, ಮೊಣಕಾಲೂರಿ ಬಯಲಿನ ಉದ್ದಗಲ ಹುಡುಕಿದಳು. ಒಂದು ಒಣಗಿದ ಹಿಂಗಾಲು ಸಿಕ್ಕಿತು. ಎಷ್ಟು ವರ್ಷದ್ದೋ. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಅಲ್ಲೇ ಕೂತು ಅತ್ತಳು.

ಶುಕ್ರವಾರ ವರದಿಯಲ್ಲಿ ಸೊನ್ನೆ ಎಂದು ಬರೆದು ಕಳಿಸಿದಳು. ನಿರ್ದೇಶಕರು ಒಂದೂವರೆ ಗಂಟೆ ಮಾತಾಡಿದರು. ಸೊನ್ನೆ ಎನ್ನುವುದು ವಿಜ್ಞಾನದ ಭಾಷೆಯಲ್ಲ, 'ಅನಿಶ್ಚಿತ' ಎಂದು ಬರೆಯಿರಿ ಎಂದರು. ಹನ್ನೊಂದು ಬೆಟ್ಟಗಳ ಹೆಸರು ಒಂದೊಂದಾಗಿ ಹೇಳಿದರು. ಅಲ್ಲಿಯ ಹುಳುಗಳ ಗತಿಯೇನು, ನಾಳೆ ಯಾರು ನಮ್ಮನ್ನು ನಂಬುತ್ತಾರೆ ಎಂದರು. ಅವರ ಕಳವಳವೂ ಸುಳ್ಳಲ್ಲ. ಇಂದುಮತಿ ಎಲ್ಲ ಕೇಳಿ, "ಸರ್, ಅಲ್ಲಿಯೂ ಗೂಟಗಳು ಚೆನ್ನಾಗಿ ಹಾಡುತ್ತವೆ. ಅದೇ ನನ್ನ ಹೆದರಿಕೆ" ಎಂದಳು. ಸೊನ್ನೆ ಹಾಗೇ ಉಳಿಯಿತು.

ಉಳಿದದ್ದೆಲ್ಲ ಬೇಗ ಆಯಿತು. ಯೋಜನೆ ನಿಂತಿತು. ಗೂಟಗಳನ್ನು ಕಿತ್ತು, ಮನೆ ಬೀಗ ಹಾಕಿ ಬರಬೇಕೆಂದು ಆದೇಶ ಬಂತು. ಫಾಲಾಕ್ಷ ಎರಡು ಸಾಲು ಬರೆದಿದ್ದ. ಅದರಲ್ಲಿ ಒಂದು, ಬೇಸರ ಮಾಡ್ಕೋಬೇಡಿ ಎಂದು. ಎರಡನೆಯದರಲ್ಲಿ ಬೇಸರವೇ ಇತ್ತು. ಬೇಲಿ ತೆಗೆದ ದಿನ ಬೆಲಿ ರಾಮ್ ಮಂದೆಯನ್ನು ಒಳಗೆ ಬಿಟ್ಟ. ಇಂದುಮತಿ ಹೋಗಿ ಅವನ ಮುಂದೆ ನಿಂತು, ತಪ್ಪಾಯಿತು ಚಾಚಾ, ಆ ಎಪ್ಪತ್ತು ಕುರಿಗಳ ಪಾಪ ನನ್ನದು ಎಂದಳು. ಕಲಿತ ಹಿಂದಿಯಲ್ಲಿ ಅದಕ್ಕಿಂತ ಹೆಚ್ಚು ಹೇಳಲು ಬರಲಿಲ್ಲ. ಅವನು ಬೀಡಿ ಆರಿಸಿ, ಕುರಿ ಹೋದವು, ಹುಳವೂ ಹೋಯಿತು, ನಾನು ನಿಮಗೆ ಏನು ಬೈಯಲಿ ಎಂದ. ಆಮೇಲೆ, ನಿಮ್ಮ ಆ ಕಂದು ಹುಳ ಬಯಲಲ್ಲಿ ಇಲ್ಲದಿರಬಹುದು, ಈ ತಿಂಗಳ ಮೊದಲಿಗೆ ಸುತ್ತುದಾರಿಯ ಮೇಲ್ತುದಿಯಲ್ಲಿ ಕುರಿ ನಿಲ್ಲುವ ಜಾಗದಲ್ಲಿ ಅಂಥದ್ದೊಂದು ಕೂಗಿದ್ದು ಕೇಳಿದ್ದೇನೆ ಎಂದ. ಮೊದಲೇ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಲಿಲ್ಲ. ಬೇಲಿಯ ಹೊರಗಿನವರನ್ನು ಒಳಗಿನವರು ಏನಾದರೂ ಕೇಳಿದ್ದಿದ್ದರೆ ತಾನೆ.

ಮರುದಿನ ಇಬ್ಬರೂ ಹತ್ತಿದರು. ಕಿತ್ತ ಗೂಟಗಳಲ್ಲಿ ಒಂದನ್ನು ಅವಳು ಚೀಲದಲ್ಲಿ ಹಾಕಿಕೊಂಡಿದ್ದಳು. ಏಕೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಾದಿ ಬಂಡೆಗಳ ನಡುವೆ ಕಡಿದಾಗಿ ಏರಿ ಒಂದು ಅಂಗಳದಷ್ಟು ಸಮತಟ್ಟಿಗೆ ಬಂತು. ಮೂರು ವರ್ಷ ಬೇರೆ ದಾರಿಯಿಲ್ಲದೆ ಕುರಿಗಳು ಅಲ್ಲಿ ನಿಂತು ದಣಿವಾರಿಸಿಕೊಂಡಿದ್ದವು. ಗಿಡ್ಡ ಹುಲ್ಲು, ಹಿಕ್ಕೆ, ಗೊರಸಿಗೆ ಪುಡಿಯಾದ ಬೆಚ್ಚನೆಯ ಮಣ್ಣು. ಅವಳು ಮಣ್ಣಿಗೆ ಕೈಯಿಟ್ಟಳು, ಕಾದಿತ್ತು. ಆಗ ಎಡಗಡೆಯ ಕಲ್ಲಿನ ಮೇಲಿಂದ ಹಾಡು ಬಂತು.

ಒಂದೇ ಒಂದು. ಕಂದು ಬಣ್ಣ, ಮೋಟು ರೆಕ್ಕೆ. ಹಿಂಗಾಲು ಎತ್ತಿ ತಿಕ್ಕಿ, ನಿಂತು, ಕಾಯಿತು. ಗೂಟಗಳ ಹಾಡಿನಷ್ಟು ಚೊಕ್ಕವಾಗಿರಲಿಲ್ಲ. ನಡುನಡುವೆ ಒಂದು ಎಳೆ ತಪ್ಪುತ್ತಿತ್ತು. ಮತ್ತೆ ಹಾಡಿತು. ಮತ್ತೆ ಕಾಯಿತು. ಮಿಡತೆಯ ಕಾಯುವಿಕೆ ಅಷ್ಟು ಹೊತ್ತು ಇರುತ್ತದೆಂದು ಅವಳು ಅಳೆದು ಬರೆದಿದ್ದಳು, ಆದರೆ ಪಕ್ಕದಲ್ಲಿ ಕೂತು ಅದನ್ನು ಸಹಿಸುವುದು ಬೇರೆ. ಕೈ ತಾನಾಗಿ ಚೀಲದೊಳಗೆ ಹೋಗಿ ಗೂಟದ ಗುಂಡಿಯ ಮೇಲೆ ನಿಂತಿತು.

ಬೆಲಿ ರಾಮ್ ಅದನ್ನು ನೋಡಿದ. "ಅದರ ಭಾಷೆ ನಿಮ್ಮ ಹತ್ತಿರ ಇದೆಯಲ್ಲ ಮೇಡಂಜೀ. ಒಂದು ಸಲ ಓಗೊಡಿ. ಪಾಪ, ಎಷ್ಟು ಹೊತ್ತಿನಿಂದ ಕೂಗುತ್ತಿದೆ."

"ಕೊಟ್ಟರೆ ಇಲ್ಲಿಗೆ ಬರುತ್ತದೆ ಚಾಚಾ. ಬಂದು ಈ ಕಬ್ಬಿಣದ ಪಕ್ಕ ಕೂತುಬಿಡುತ್ತದೆ. ಮೇಲೆಲ್ಲೋ ನಿಜವಾದದ್ದು ಒಂದು ಇದ್ದರೆ ಅಲ್ಲಿಗೆ ಹೋಗುವುದಿಲ್ಲ."

"ಇಲ್ಲದಿದ್ದರೆ?"

ಅವಳು ಮಿಡತೆಯತ್ತ ನೋಡಿದಳು. ಅವನು ಒತ್ತಾಯಿಸಲಿಲ್ಲ, ಕುರಿಗಳನ್ನು ನೋಡಬೇಕೆಂದು ಹೇಳಿ ಇಳಿದುಹೋದ.

ಮಿಡತೆ ಇನ್ನೊಮ್ಮೆ ಹಾಡಿತು. ಇಂದುಮತಿ ಚೀಲದಿಂದ ಬರಿಗೈ ಹೊರತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಅದು ಅವಳಿದ್ದತ್ತ ತಿರುಗಿ ಕಾಯಿತು. ಅವಳು ಅಲುಗಾಡದೆ ಕೂತಳು. ಬಹಳ ಹೊತ್ತಿನ ಮೇಲೆ ಮಿಡತೆ ಕಾಲು ಮಡಿಸಿಕೊಂಡು ತಿರುಗಿತು. ಒಂದು ನೆಗೆತಕ್ಕೆ ಕಲ್ಲಿನ ಅಂಚಿಗೆ, ಇನ್ನೊಂದಕ್ಕೆ ಅದರಾಚೆಗೆ ಹೋಯಿತು. ಆಮೇಲೆ ಹಾಡು ಇನ್ನೂ ಮೇಲಿನಿಂದ ಕೇಳಿಸಿತು, ಮೊದಲಿಗಿಂತ ಸಣ್ಣದಾಗಿ. ಅವಳು ಅದು ಕೇಳಿಸದಾಗುವವರೆಗೂ ಅಲ್ಲೇ ಕೂತಿದ್ದಳು.